ಕೂಟಸೇನಾಶಾಸ್ತ್ರ ಪ್ರವೇಶಿಕೆ

ಅನೇಕ ಧ್ವಜಗಳು ಕೂಡಿ ಒಬ್ಬ ಶತ್ರುವಿನ ಮೇಲೆ ದಂಡೆತ್ತಿ ಹೋಗುವ ಕ್ರಿಯೆಗೆ ಕೂಟಸೇನೆ ಎಂದು ಸಂಜ್ಞೆ. ಅದು ದ್ವಿವಿಧ: ಧ್ಯೇಯಜನ್ಯ, ಭಾಗಜನ್ಯ. ಚೀನದ ತೈಹಾಂಗ್ ಪರ್ವತಗಳಲ್ಲಿ ಚೀನೀ ಕಮ್ಯುನಿಸ್ಟರ ಎಂಟನೆಯ ಮಾರ್ಗದ ಸೇನೆಯೊಡನೆ ನಿಂತು ಜಪಾನೀಯರನ್ನು ಎದುರಿಸಿದ ಕೊರಿಯನ್ ಕ್ರಾಂತಿಕಾರಿಗಳದು ಧ್ಯೇಯಜನ್ಯ. ಅಲ್ಲಿ ಪಾಲಿನ ಲೆಕ್ಕವೇ ಏಳದ ಕಾರಣ ಪ್ರಕೃತ ಶಾಸ್ತ್ರಕ್ಕೆ ಅದು ವಿಷಯವಲ್ಲ. 1790ರಲ್ಲಿ ಮೈಸೂರಿನ ಟಿಪ್ಪುವಿನ ವಿರುದ್ಧ ಈಸ್ಟ್ ಇಂಡಿಯಾ ಕಂಪನಿ, ಮರಾಠರ ಪೇಶ್ವೆ, ಹೈದರಾಬಾದಿನ ನಿಜಾಮರು ಕಟ್ಟಿದ ಕೂಟ ಭಾಗಜನ್ಯ. ಗೆಲ್ಲಲಿರುವುದನ್ನು ಗೆಲ್ಲುವ ಮುನ್ನವೇ ಸಮಪಾಲು ಮಾಡಿ ಬರೆದುಕೊಳ್ಳುವುದು ಇದರ ಲಕ್ಷಣ. ಈ ಶಾಸ್ತ್ರದ ಪ್ರಧಾನ ಲಕ್ಷ್ಯಸ್ಥಲ ಬೆಂಗಳೂರಿನ ಪಕ್ಕದ ಮಾಗಡಿ ಸೀಮೆ.

ಭಾಗಜನ್ಯ ಸಹಾಯವು ಆಗಮನಕಾಲವನ್ನು ಅನುಸರಿಸಿ ಚತುರ್ವಿಧ.

1. ಪೂರ್ವಾಗತ: ಕಾರ್ಯಕ್ಕೆ ಮೊದಲೇ ಬಂದು ಮೇವಿಗೆ ಭಾಗಿಯಾಗುವುದು. 1791ರ ಮಾರ್ಚ್ 21ರಂದು ಬೆಂಗಳೂರು ಕೋಟೆ ಬಿದ್ದ ಮೇಲೆ, ಶ್ರೀರಂಗಪಟ್ಟಣದ ದಾರಿ ಹಿಡಿಯುವ ಮುಂಚೆ ಕೂಡಿಕೊಂಡ ನಿಜಾಮನ ಅಶ್ವದಳ ಉದಾಹರಣೆ. ಕುದುರೆಗಳು ಮೇವಿನಲ್ಲಿ ಯಾವ ನ್ಯೂನತೆಯನ್ನೂ ತೋರಲಿಲ್ಲ.

2. ಪಶ್ಚಾದಾಗತ: ಕಾರ್ಯ ಕೆಟ್ಟ ಮೇಲೆ ಬರುವುದು. ಶ್ರೀರಂಗಪಟ್ಟಣದ ಬಳಿಯ ಅರಕೆರೆಯ ಕಾಳಗ ಮುಗಿದು, ಎಳೆಯುವ ಎತ್ತುಗಳು ಸತ್ತು, ಭಾರಿ ತೋಪುಗಳನ್ನು ತಾನೇ ಹಾಳುಗೆಡವಿ ಕಂಪನಿಯ ಗವರ್ನರ್ ಜನರಲ್ ಕಾರ್ನ್‌ವಾಲಿಸ್ ಹಿಂದಿರುಗುವಾಗ, ಮೇ ಕೊನೆಯಲ್ಲಿ ಮೇಲುಕೋಟೆಯ ಬಳಿ ಮರಾಠರು ಬಂದರು. ಇದಕ್ಕೆ ಎರಡು ಉಪಭೇದ.

(ಅ) ಶತ್ರುಭ್ರಾಂತಿಪೂರ್ವಕ: ದೂರದಲ್ಲಿ ಕಂಡ ಸವಾರರನ್ನು ಕಂಪನಿಯವರು ಟಿಪ್ಪುವಿನ ಕಡೆಯವರೆಂದೇ ಗ್ರಹಿಸಿದರು. ಹಗ್ಗವನ್ನು ಹಾವೆಂದು ಭ್ರಮಿಸುವ ರಜ್ಜುಸರ್ಪನ್ಯಾಯ ಇಲ್ಲಿ ಅನ್ವಯಿಸುತ್ತದೆ.

(ಆ) ವಿಪಣಿರೂಪ: ಮರಾಠರ ದಂಡಿನ ಬಜಾರಿನಲ್ಲಿ ದವಸಕ್ಕೆ ಕೊರತೆಯಿರಲಿಲ್ಲ, ಬೆಲೆಗೂ ಇರಲಿಲ್ಲ. ಇದು ಸಹಾಯವೋ ವ್ಯಾಪಾರವೋ ಎಂದು ಪೂರ್ವಪಕ್ಷ. ಹಣ ತೆತ್ತುದರಿಂದ ವ್ಯಾಪಾರ. ಹಸಿದ ಜೀವ ಉಳಿದುದರಿಂದ ಸಹಾಯ. ಹೆಚ್ಚು ಹಣ ತೆತ್ತುದರಿಂದ ಹೆಚ್ಚಿನ ಸಹಾಯ ಎಂದು ಉತ್ತರಪಕ್ಷ.

3. ಫಲಕಾಲಾಗತ: ಕಾರ್ಯ ಸಿದ್ಧಿಸಿದ ಮೇಲೆ ಬರುವುದು. 1791ರ ಡಿಸೆಂಬರಿನಲ್ಲಿ ಕಂಪನಿಯವರು ಮಾಗಡಿ ಸೀಮೆಯ ಬಿದಿರುಮೆಳೆ ಕಡಿದು ದಾರಿ ಮಾಡಿ, ಆನೆಗಳಿಂದ ತೋಪು ನೂಕಿಸಿ, ಕರಿಗುಡ್ಡ ಬಿಳಿಗುಡ್ಡಗಳ ಸಾವನದುರ್ಗವನ್ನು 21ರಂದು ಹಿಡಿದರು. ಬೆನ್ನಿಗೇ ರಾಮಗಿರಿ, ಶಿವನಗಿರಿ, ಹುತ್ರಿದುರ್ಗಗಳೂ ಬಿದ್ದವು. ನಿಜಾಮನ ಮಗ ಸಿಕಂದರ್ ಜಾ ಸೇನೆಸಮೇತ ಬಂದು ಕೂಡಿದ್ದು ಮರುತಿಂಗಳು, ಜನವರಿಯಲ್ಲಿ.

4. ಸಂಧಿಕಾಲಾಗತ: ಯುದ್ಧವೇ ನಿಂತ ಮೇಲೆ ಬರುವುದು. ಶಿವಮೊಗ್ಗದ ಕಡೆ ತಿರುಗಿದ ಮರಾಠ ಸರದಾರ ಪರಶುರಾಮ ಭಾವೂ ಶ್ರೀರಂಗಪಟ್ಟಣ ಮುಟ್ಟುವ ಹೊತ್ತಿಗೆ ಸಂಧಾನ ನಡೆದಿತ್ತು. ಇದು ಆಗಮನದ ಪರಾಕಾಷ್ಠೆ, ಇದರಾಚೆಗೆ ಅನಾಗಮನವೊಂದೇ.

1792ರ ಮಾರ್ಚ್ 18ರ ಒಪ್ಪಂದದಂತೆ ಟಿಪ್ಪು ಅರ್ಧ ರಾಜ್ಯವನ್ನೂ 3 ಕೋಟಿ 30 ಲಕ್ಷ ರೂಪಾಯಿಯನ್ನೂ ತೆರಬೇಕಾಯಿತು. ಬಿಟ್ಟುಕೊಟ್ಟ ರಾಜ್ಯ ಮೂವರಿಗೂ ಸಮವಾಗಿ ಹಂಚಿಕೆಯಾಯಿತು. ಆದ್ದರಿಂದ ಸಿದ್ಧಾಂತ: ಆಗಮನಭೇದದಿಂದ ಭಾಗಭೇದವಿಲ್ಲ.

ಒಂದು ಆಕ್ಷೇಪ. ಮಾಗಡಿ ಸೀಮೆ ಬೆಟ್ಟ, ಬಿದಿರು, ಬಿಡಾರದ ಬಯಲು ಎಲ್ಲವನ್ನೂ ಒದಗಿಸಿತು. ಆದರೆ ಹಿಡಿದ ಸಾವನದುರ್ಗ ಮೂವರಲ್ಲಿ ಯಾರ ಪಾಲಿಗೂ ಬರದೆ ಮೈಸೂರಿಗೇ ಉಳಿಯಿತಲ್ಲ, ಇಲ್ಲಿ ಸಿದ್ಧಾಂತ ಮುರಿಯಲಿಲ್ಲವೇ? ಮುರಿಯಲಿಲ್ಲ. ಈ ಸೀಮೆಯಲ್ಲಿ ಕೂಟಕ್ಕೆ ದಕ್ಕಿದ ಭಾಗ ಶೂನ್ಯ. ಶೂನ್ಯವನ್ನು ಮೂರರಿಂದ ಭಾಗಿಸಿದರೆ ಮೂವರಿಗೂ ಬರುವುದು ಸಮಪಾಲೇ.