ಗಟ್ಟಿಮೇಳದ ನಡುವೆ ಸ್ಕ್ಯಾನರ್

ಅಮೆರಿಕದಲ್ಲಿ ಕನ್ನಡದ ಸಂಸಾರವೊಂದು ಮಿನಿವ್ಯಾನ್ ಹತ್ತಿ ದೂರದ ಊರಿಗೆ ಹೊರಟಿತೆಂದರೆ, ಅದರೊಳಗೆ ಎಲ್ಲರಿಗಿಂತ ಕ್ಷೀಣವಾದ ದನಿ ಕಪ್ ಹೋಲ್ಡರಿನಲ್ಲಿ ನಿಲ್ಲಿಸಿದ, ಚಾನೆಲಿನಿಂದ ಚಾನೆಲಿಗೆ ಹಾರುತ್ತ ಯಾರ್ಯಾರದೋ ಮಾತು ಹಿಡಿಯುವ ರೇಡಿಯೋ ಸ್ಕ್ಯಾನರಿನದು. ದಾರಿ ಹೇಳುವ ಜಿಪಿಎಸ್ ಹೆಂಗಸಿಗೆ ಕಾರಿನ ಅಷ್ಟೂ ಸ್ಪೀಕರುಗಳು ಒಲಿದಿವೆ. ಊರಿನಿಂದ ಬಂದ ಅತ್ತೆಯವರ ಫೋನಿನಲ್ಲಿ ವಾಟ್ಸ್ಯಾಪ್ ವಿಡಿಯೋಗಳು ಒಂದರ ಬಾಲ ಇನ್ನೊಂದು ಹಿಡಿದು ಬರುತ್ತವೆ. ಮಕ್ಕಳು ಇಂಗ್ಲಿಷಿನಲ್ಲಿ ಜಗಳಾಡುತ್ತಾರೆ, ತಾಯಿ ಕನ್ನಡದಲ್ಲಿ ಬಿಡಿಸುತ್ತಾಳೆ. ಇಷ್ಟರ ನಡುವೆ ಸ್ಕ್ಯಾನರ್ ಎರಡು ಮಾತು ಗೊಣಗಿ ಸುಮ್ಮನಾಗುತ್ತದೆ. ಸ್ಟಿಯರಿಂಗ್ ಹಿಡಿದವನು ವಾಲ್ಯೂಮ್ ತಿರುಗಿಸುತ್ತಾನೆ, ತಿರುಪು ತುದಿ ಮುಟ್ಟುತ್ತದೆ, ಗೊಣಗಾಟ ಹೋಗಿ ಗೊಗ್ಗರು ದನಿ ಬರುತ್ತದೆಯೇ ಹೊರತು ಮಾತು ತಿಳಿಯುವುದಿಲ್ಲ. ಮುಂದಿನ ಹೆಜ್ಜೆ ಎಲ್ಲರಿಗೂ ಗೊತ್ತಿರುವುದೇ: ಇನ್ನೂ ದೊಡ್ಡ ಸ್ಪೀಕರ್ ತರಿಸುವುದು. ನನ್ನ ವಾದ ಇದಕ್ಕೆ ತದ್ವಿರುದ್ಧ. ಕನ್ನಡದ ಕಾರಿನಲ್ಲಿ ಸ್ಕ್ಯಾನರ್ ಜೋರಾಗಬೇಕಾಗಿಲ್ಲ, ಹತ್ತಿರವಾಗಬೇಕು. ಅದೂ ಎಲ್ಲರಿಗಲ್ಲ, ಒಬ್ಬರಿಗೆ.

ಫೋನಿರುವಾಗ ಈ ಡಬ್ಬ ಯಾಕೆ ಎಂಬ ಆಕ್ಷೇಪವನ್ನು ಮೊದಲೇ ಮುಗಿಸಿಬಿಡೋಣ. ತಂದೆ ತಾಯಂದಿರು ಚಳಿಗೆ ಹೆದರಿ ಏಪ್ರಿಲ್ ಹೊತ್ತಿಗೆ ಬರುತ್ತಾರೆ. ಕಾನ್ಸಾಸ್, ಒಕ್ಲಹೋಮಾ ಕಡೆಯ ಸುಂಟರಗಾಳಿಗಳೂ ಆಗಲೇ ಬರುತ್ತವೆ. ಅಮೆರಿಕದ ಕನ್ನಡ ಕೂಟಗಳೆಲ್ಲ ಸೇರಿ ಎರಡು ವರ್ಷಕ್ಕೊಮ್ಮೆ ನಡೆಸುವ ಅಕ್ಕ ಸಮ್ಮೇಳನಕ್ಕೆ ಹೆಚ್ಚಾಗಿ ಸಿಗುವುದು ಸೆಪ್ಟೆಂಬರ್ ಮೊದಲಲ್ಲಿ ಬರುವ ಲೇಬರ್ ಡೇ ರಜೆ. ಅಟ್ಲಾಂಟಿಕ್ ಚಂಡಮಾರುತಗಳ ಅಬ್ಬರ ತುತ್ತತುದಿಗೆ ಏರುವುದು ಸೆಪ್ಟೆಂಬರ್ 10ರ ಸುಮಾರಿಗೆ. ಹೀಗೆ ನಮ್ಮವರ ಪಂಚಾಂಗವೂ ಅಲ್ಲಿನ ಗಾಳಿಯ ಪಂಚಾಂಗವೂ ಮುಹೂರ್ತಕ್ಕೆ ಮುಹೂರ್ತ ಕೂಡಿಬರುವುದರಿಂದ, ಸರ್ಕಾರದ ವೆದರ್ ರೇಡಿಯೋ ಕೇಳುವುದು ಹುಚ್ಚೇನೂ ಅಲ್ಲ. 162.400ರಿಂದ 162.550 ಮೆಗಾಹರ್ಟ್ಸ್ ನಡುವಿನ 7 ಚಾನೆಲ್‌ಗಳಲ್ಲಿ, ದೇಶದುದ್ದಕ್ಕೂ 1000ಕ್ಕೂ ಹೆಚ್ಚು ಟ್ರಾನ್ಸ್‌ಮಿಟರುಗಳಿಂದ, ಕಂಪ್ಯೂಟರಿನ ದನಿಯೊಂದು ಹಗಲೂ ರಾತ್ರಿ ಹವೆಯ ವರದಿ ಓದುತ್ತಿರುತ್ತದೆ. ಫೋನಿನ ಟವರ್ ಕೈಕೊಟ್ಟ ಜೋಳದ ಹೊಲಗಳ ನಡುವೆಯೂ ಅದು ಸಿಗುತ್ತದೆ. ರೈಲು ನೋಡುವ ಖಯಾಲಿಯವರು 160, 161 ಮೆಗಾಹರ್ಟ್ಸ್ ಪಟ್ಟಿಯಲ್ಲಿ ಗೂಡ್ಸ್ ಗಾಡಿಯವರ ಮಾತು ಕೇಳುತ್ತಾರೆ, ಹವ್ಯಾಸಿ ರೇಡಿಯೋದವರಾದ ಹ್ಯಾಮ್‌ಗಳು ಹ್ಯಾಮ್‌ಗಳ ಮಾತು ಕೇಳುತ್ತಾರೆ. ಪೊಲೀಸರ ಮಾತು ಹಿಡಿಯುವ ಸ್ಕ್ಯಾನರನ್ನು ಕಾರಿನಲ್ಲಿಟ್ಟುಕೊಳ್ಳುವುದಕ್ಕೆ ಮಾತ್ರ ನ್ಯೂಯಾರ್ಕ್, ಫ್ಲಾರಿಡಾ, ಇಂಡಿಯಾನಾ, ಕೆಂಟಕಿಯಂಥ ರಾಜ್ಯಗಳಲ್ಲಿ ಕಟ್ಟುಪಾಡುಗಳಿವೆ. ಹ್ಯಾಮ್ ಪರವಾನಗಿ ಇದ್ದವರಿಗೆ ವಿನಾಯಿತಿ ಉಂಟು. ಗ್ರೀನ್ ಕಾರ್ಡಿನ ಸಾಲಿನಲ್ಲಿ ನಿಂತವರು ಆ ಪರವಾನಗಿಯ ಪರೀಕ್ಷೆ ಬರೆದುಬಿಡುವುದು ಒಳ್ಳೆಯದು. ಪರೀಕ್ಷೆ ಬರೆಯುವುದು ನಮಗೆ ಎಂದೂ ಕಷ್ಟವಾದದ್ದಿಲ್ಲ.

ಈಗ ಜೋರಿನ ಲೆಕ್ಕ. ಕೈಯಲ್ಲಿ ಹಿಡಿಯುವ ಸ್ಕ್ಯಾನರಿನ ಒಳಗಿರುವುದು ರೂಪಾಯಿ ನಾಣ್ಯಕ್ಕಿಂತ ತುಸು ದೊಡ್ಡ ಸ್ಪೀಕರ್, ಅದಕ್ಕೆ ಸಿಗುವುದು ಅರ್ಧ ವ್ಯಾಟಿನ ಆಸುಪಾಸಿನ ಶಕ್ತಿ. ಹೆದ್ದಾರಿಯಲ್ಲಿ ಓಡುವ ಕಾರಿನೊಳಗೆ ಟೈರು, ಗಾಳಿ, ಎಂಜಿನ್ನುಗಳ ಸದ್ದೇ 70 ಡೆಸಿಬೆಲ್ ಸುತ್ತಮುತ್ತ ಇರುತ್ತದೆ, ಸಂಸಾರದ ಸದ್ದು ಬೇರೆ. ಅರ್ಧ ವ್ಯಾಟನ್ನು ಒಂದು ವ್ಯಾಟ್ ಮಾಡಿದರೆ ಎರಡರಷ್ಟು ಕೇಳಬೇಕಲ್ಲವೆ ಎಂದು ಯಾರಿಗಾದರೂ ಅನಿಸುತ್ತದೆ. ಕಿವಿ ಹಾಗೆ ಲೆಕ್ಕ ಹಾಕುವುದಿಲ್ಲ. ಶಕ್ತಿ ಎರಡರಷ್ಟಾದರೆ ಏರುವುದು ಬರೀ 3 ಡೆಸಿಬೆಲ್. ಅಷ್ಟು ಏರಿದ್ದು ಗಮನಕ್ಕೆ ಬಂದರೆ ಪುಣ್ಯ. ಎರಡರಷ್ಟು ಜೋರು ಎಂದು ಕಿವಿ ಒಪ್ಪಿಕೊಳ್ಳಬೇಕಾದರೆ ಸುಮಾರು 10 ಡೆಸಿಬೆಲ್ ಏರಬೇಕು, ಅದಕ್ಕೆ ಶಕ್ತಿ 10 ಪಟ್ಟಾಗಬೇಕು. ಎಂದರೆ 5 ವ್ಯಾಟಿನ ಆಂಪ್ಲಿಫೈಯರ್ ಸ್ಪೀಕರ್ ಕೊಂಡು, ಅದಕ್ಕೊಂದು ವೈರು, ವೈರಿಗೊಂದು ಕ್ಲಿಪ್ಪು ಎಂದು ಕೈ ಸುಟ್ಟುಕೊಂಡ ಮೇಲೆ ಸಿಗುವುದು ಎರಡರಷ್ಟು ಸದ್ದು. ಅಷ್ಟು ಸದ್ದನ್ನು ಹಿಂದಿನ ಸೀಟಿನ ಒಂದು ಡಬ್ಬ ಕೋಡುಬಳೆ ನುಂಗಿಹಾಕುತ್ತದೆ. ಇದು ಉತ್ಪ್ರೇಕ್ಷೆಯಲ್ಲ. ಕೋಡುಬಳೆ ಜಗಿಯುವವರ ಕಿವಿಗೆ ಆ ಸದ್ದು ಗಾಳಿಯಲ್ಲಿ ತೇಲಿ ಬರುವುದಿಲ್ಲ, ದವಡೆಯ ಮೂಳೆಯಿಂದಲೇ ನೇರವಾಗಿ ಬರುತ್ತದೆ. ಗಾಡಿ ಓಡಿಸುವವನ ಬಾಯಿಗೂ ಒಂದನ್ನು ಇಟ್ಟರೆ, ಆಮೇಲೆ ಯಾವ ಆಂಪ್ಲಿಫೈಯರ್ ಬಂದರೂ ಪ್ರಯೋಜನವಿಲ್ಲ.

ದೂರದ ಲೆಕ್ಕ ಇದಕ್ಕಿಂತ ಉದಾರಿ. ಸದ್ದಿನ ಮೂಲಕ್ಕೂ ಕಿವಿಗೂ ಇರುವ ದೂರ ಅರ್ಧವಾದರೆ 6 ಡೆಸಿಬೆಲ್ ಏರುತ್ತದೆ, ಶಕ್ತಿಯನ್ನು ನಾಲ್ಕು ಪಟ್ಟು ಮಾಡಿದಷ್ಟು. ಕಪ್ ಹೋಲ್ಡರಿನಲ್ಲಿ, ಕಿವಿಗೆ 80 ಸೆಂಟಿಮೀಟರ್ ಕೆಳಗಿದ್ದ ಸ್ಪೀಕರನ್ನು ತಲೆಯ ದಿಂಬಿನ ಪಕ್ಕಕ್ಕೆ, 20 ಸೆಂಟಿಮೀಟರಿಗೆ ತಂದರೆ 12 ಡೆಸಿಬೆಲ್ ಲಾಭ. ಇದೇ ಲಾಭವನ್ನು ಶಕ್ತಿಯಿಂದ ಪಡೆಯಬೇಕಾದರೆ 16 ಪಟ್ಟು ಬೇಕು. ಕಾರಿನೊಳಗೆ ಗಾಜು, ಸೀಟು, ಬ್ಯಾಗು ಎಂದು ನೂರೆಂಟು ಅಡ್ಡ ಇರುವುದರಿಂದ ಲೆಕ್ಕ ಪುಸ್ತಕದಷ್ಟು ಚೊಕ್ಕವಾಗಿ ಹೊಂದುವುದಿಲ್ಲ, ಆದರೂ ದಿಕ್ಕು ಅದೇ. ಹೆಡ್‌ಫೋನ್ ಜ್ಯಾಕಿಗೆ ಸಿಕ್ಕಿಸುವ ಪುಟ್ಟ ಸ್ಪೀಕರೊಂದನ್ನು ಸೀಟ್ ಬೆಲ್ಟ್ ಇಳಿಯುವ ಕಂಬದ ಬಳಿ, ಏರ್‌ಬ್ಯಾಗಿಗೆ ಅಡ್ಡವಾಗದ ಹಾಗೆ ಕಟ್ಟಿದರೆ ಸಾಕು. ನಮ್ಮವರಿಗೆ ಇದನ್ನು ಭೌತಶಾಸ್ತ್ರದವರು ಕಲಿಸಬೇಕಾಗಿಯೇ ಇಲ್ಲ. ಮದುವೆ ಛತ್ರದಲ್ಲಿ ಮಾಂಗಲ್ಯಧಾರಣೆಯ ಹೊತ್ತಿಗೆ ಗಟ್ಟಿಮೇಳ ಮೊಳಗುವುದು ಬೇರೆ ಯಾವ ಅಪಶಬ್ದವೂ ಕಿವಿಗೆ ಬೀಳದಿರಲಿ ಎಂದು. ಆದರೆ ನಾಗಸ್ವರ ಡೋಲುಗಳು ಛಾವಣಿ ಹಾರಿಸುತ್ತಿರುವಾಗಲೇ, ಹೆಣ್ಣಿನ ಕಡೆಯವರು ಏನು ಕೊಟ್ಟರು, ಗಂಡಿನ ಅತ್ತಿಗೆ ಯಾಕೆ ಮುಖ ಊದಿಸಿಕೊಂಡಿದ್ದಾಳೆ ಎಂಬ ವಾರ್ತೆ ಎರಡನೇ ಸಾಲಿನ ಹೆಂಗಸರಲ್ಲಿ ಒಂದು ಅಕ್ಷರವೂ ತಪ್ಪದೆ ಕಿವಿಯಿಂದ ಕಿವಿಗೆ ಹೋಗುತ್ತಿರುತ್ತದೆ. ಯಾರೂ ಕೂಗುವುದಿಲ್ಲ, ಬಾಗಿ, ಸೆರಗು ಅಡ್ಡ ಹಿಡಿದು, ಕಿವಿಯ ಹತ್ತಿರ ಹೇಳುತ್ತಾರೆ. ಸ್ಕ್ಯಾನರಿಗೆ ಬೇಕಾಗಿರುವುದು ಆ ಹೆಂಗಸರ ಜಾಣತನ, ಡೋಲಿನವನ ತೋಳ್ಬಲವಲ್ಲ.

ಜೋರು ಮಾಡುವುದರಲ್ಲಿ ಇನ್ನೊಂದು ಅಪಾಯವಿದೆ, ಅದನ್ನು 1911ರಲ್ಲೇ ಫ್ರಾನ್ಸಿನ ವೈದ್ಯ ಎಟಿಯೆನ್ ಲೊಂಬಾರ್ ಬರೆದಿಟ್ಟರು: ಸುತ್ತಲ ಸದ್ದು ಹೆಚ್ಚಿದ ಹಾಗೆ ಮನುಷ್ಯರು ತಮಗೆ ಗೊತ್ತಿಲ್ಲದೆಯೇ ದನಿ ಏರಿಸುತ್ತಾರೆ. ಸ್ಕ್ಯಾನರಿನ ಸದ್ದು ಹೆಚ್ಚಿಸಿದರೆ ಮಾತಾಡುತ್ತಿದ್ದವರು ಅದರ ಮೇಲೆ ದನಿ ಏರಿಸುತ್ತಾರೆ, ಅವರನ್ನು ಮೀರಿಸಲು ಸ್ಕ್ಯಾನರನ್ನು ಮತ್ತೆ ಏರಿಸಬೇಕು. ಈ ಹರಾಜಿನಲ್ಲಿ ಯಂತ್ರಕ್ಕೆ ಒಂದು ಮಿತಿ ಇದೆ, ಸಂಸಾರಕ್ಕೆ ಇಲ್ಲ. ಲೊಂಬಾರ್ ಮಹಾಶಯರು ಗಮನಿಸದ ಒಂದು ಪರಿಣಾಮ ಕನ್ನಡದ ಕಾರುಗಳಲ್ಲಿ ಮಾತ್ರ ಕಾಣಸಿಗುತ್ತದೆ. ಸ್ಕ್ಯಾನರಿನ ಮಾತು ಹಿಂದಿನ ಸೀಟಿಗೂ ಅರ್ಧಂಬರ್ಧ ಕೇಳಿಸಿದ ಕ್ಷಣ ಅತ್ತೆಯವರು "ಏನಂತೆ?" ಎನ್ನುತ್ತಾರೆ. ಅವರ ಪ್ರಶ್ನೆಯ ಹೊತ್ತಿಗೆ ಎರಡನೆಯ ವಾಕ್ಯ ಬಂದು ಹೋಗಿರುತ್ತದೆ. "ಇರಿ ಅತ್ತೆ, ಕೇಳ್ತಾ ಇದೀನಿ" ಎಂದು ಅಳಿಯ ಹೇಳುವಷ್ಟರಲ್ಲಿ ಮೂರನೆಯದು. "ಅಲ್ಲ, ಏನೋ ಗಾಳಿ ಅಂದ ಹಾಗಾಯ್ತು" ಎನ್ನುವಷ್ಟರಲ್ಲಿ ಸ್ಕ್ಯಾನರ್ ಬೇರೆ ಚಾನೆಲಿಗೆ ಹಾರಿ, ಯಾವನೋ ಗೂಡ್ಸ್ ಡ್ರೈವರು ತನ್ನ ಬೋಗಿಗಳ ಲೆಕ್ಕ ಒಪ್ಪಿಸುತ್ತಿರುತ್ತಾನೆ. ಕೇಳುವ ಕಿವಿಗಳು ಹೆಚ್ಚಿದಷ್ಟೂ ಕೇಳಿಸುವುದು ಕಡಿಮೆಯಾಗುವ ಯಂತ್ರ ಇದೊಂದೇ ಇರಬೇಕು.

ಇಲ್ಲಿ ತಿಳಿದವರು ಅಡ್ಡ ಬಾಯಿ ಹಾಕುತ್ತಾರೆ: ಕಾರಿನಲ್ಲೇ ಒಳ್ಳೆಯ ಸ್ಟೀರಿಯೋ ಇರುವಾಗ ಸ್ಕ್ಯಾನರಿನ ಸದ್ದನ್ನು ಅದಕ್ಕೆ ಒಯ್ಯುವ ಆಕ್ಸ್ ವೈರು ಚುಚ್ಚಿದರೆ ಮುಗಿಯಲಿಲ್ಲವೆ? ಆಕ್ಷೇಪ ಗಟ್ಟಿಯಾದದ್ದು, ಅರ್ಧ ಒಪ್ಪುತ್ತೇನೆ. ಆದರೆ ಆ ಸ್ಟೀರಿಯೋವನ್ನು ಮಾಡಿರುವುದು ಹಾಡಿಗೆ, ಒರಟು ಮಾತಿಗಲ್ಲ. ರೇಡಿಯೋದಲ್ಲಿ ಬರುವ ಮಾತಿಗೆ ಬೇಕಾದದ್ದು ಸುಮಾರು 300ರಿಂದ 3000 ಹರ್ಟ್ಸ್. ಸ, ಟ, ಪ, ಕಗಳು ಬೇರೆ ಬೇರೆಯಾಗಿ ತಿಳಿಯುವುದು ಆ ಪಟ್ಟಿಯ ಮೇಲ್ಭಾಗದಲ್ಲಿ. ಟೈರಿನ ಗುಡುಗುಡು ಇರುವುದು ತೀರಾ ಕೆಳಗೆ, ಮತ್ತು ಕೆಳಗಿನ ಸದ್ದು ಮೇಲಿನದನ್ನು ಮುಚ್ಚಿಹಾಕುವುದರಲ್ಲಿ ನಿಸ್ಸೀಮ. ಹಾಡಿಗಾಗಿ ಬೇಸ್ ಏರಿಸಿಟ್ಟ ಸ್ಟೀರಿಯೋದಲ್ಲಿ ಸ್ಕ್ಯಾನರ್ ಮಾತಾಡಿದರೆ ಹಂಡೆಯೊಳಗಿನಿಂದ ಬಂದ ಹಾಗಿರುತ್ತದೆ. ಬೇಸ್ ಇಳಿಸಿ, ಟ್ರೆಬಲ್ ಏರಿಸಿ, ಸ್ಕ್ಯಾನರಿನ ತಿರುಪನ್ನು ಮಧ್ಯಕ್ಕೆ ತಂದು, ಕೊನೆಗೆ ಬ್ಯಾಲೆನ್ಸ್ ಮತ್ತು ಫೇಡರುಗಳಿಂದ ಸದ್ದನ್ನೆಲ್ಲ ಚಾಲಕನ ಬಾಗಿಲಿನ ಮೂಲೆಗೆ ತಳ್ಳಿದರೆ, ಆಗ ಆಕ್ಸ್ ವೈರೂ ನನ್ನ ಪಕ್ಷಕ್ಕೆ ಸೇರುತ್ತದೆ. ಕೆಲವು ಸ್ಕ್ಯಾನರುಗಳ ಜ್ಯಾಕ್ ಮೋನೋ. ಅದಕ್ಕೆ ಸ್ಟೀರಿಯೋ ವೈರು ಚುಚ್ಚಿದರೆ ಎಡಗಡೆಯ ಸ್ಪೀಕರುಗಳು ಮಾತ್ರ ಮಾತಾಡುತ್ತವೆ. ಎಲ್ಲರೂ ಇದನ್ನು ದೋಷವೆಂದು ಅಡಾಪ್ಟರ್ ಹುಡುಕುತ್ತಾರೆ. ಅಮೆರಿಕದಲ್ಲಿ ಚಾಲಕ ಕೂರುವುದೇ ಎಡಕ್ಕೆ, ಹುಡುಕಬೇಡಿ.

ಆಕ್ಸ್ ಜೊತೆಗೇ ಸ್ಕ್ಯಾನರನ್ನು ಲೈಟರ್ ಸಾಕೆಟ್ಟಿನಿಂದ ಚಾರ್ಜಿಗೂ ಹಾಕಿದರೆ, ಆಕ್ಸಿಲರೇಟರ್ ತುಳಿದಂತೆಲ್ಲ ಸ್ಥಾಯಿ ಏರುವ ಒಂದು ಕುಂಯ್ಗುಡುವಿಕೆ ಶುರುವಾಗುತ್ತದೆ. ಅದು ಆಲ್ಟರ್ನೇಟರಿನ ಕೊಡುಗೆ: ಎರಡು ವೈರುಗಳೂ ಒಂದೇ ಗ್ರೌಂಡಿಗೆ ಬೇರೆ ಬೇರೆ ದಾರಿಯಲ್ಲಿ ಸೇರಿ ಉಂಟಾದ ಸುತ್ತು. ಒಳಗೆ ಪುಟ್ಟ ಟ್ರಾನ್ಸ್‌ಫಾರ್ಮರುಗಳಿರುವ ಗ್ರೌಂಡ್ ಲೂಪ್ ಐಸೊಲೇಟರ್ ಹಾಕಿದರೆ ನಿಲ್ಲುತ್ತದೆ. ಬ್ಯಾಟರಿಯಲ್ಲೇ ಓಡಿಸಿದರೆ ಅದೂ ಬೇಡ. ಆಕ್ಸ್ ಇಲ್ಲದವರು ಪುಟ್ಟ ಎಫ್‌ಎಂ ಟ್ರಾನ್ಸ್‌ಮಿಟರಿನ ಮೊರೆ ಹೋಗುತ್ತಾರೆ. ಕಾನೂನು ಅದಕ್ಕೆ ಕೊಟ್ಟಿರುವ ಬಲ 3 ಮೀಟರ್ ದೂರದಲ್ಲಿ ಮೀಟರಿಗೆ 250 ಮೈಕ್ರೋವೋಲ್ಟ್, ಎಂದರೆ ಇಲ್ಲವೆನ್ನುವಷ್ಟು. ಒಂದೂರಲ್ಲಿ ಖಾಲಿಯಿದ್ದ ಜಾಗದಲ್ಲಿ ಮುಂದಿನ ಊರಿನ ಕೇಂದ್ರ ಕೂತಿರುತ್ತದೆ. 88ರಿಂದ 92ರ ವರೆಗಿನ ಪಟ್ಟಿಯಲ್ಲಿ ಚರ್ಚಿನ ಕೇಂದ್ರಗಳು ದಂಡಿಯಾಗಿರುವುದರಿಂದ, ಸುಂಟರಗಾಳಿಯ ಎಚ್ಚರಿಕೆ ಕೇಳುತ್ತ ಕೇಳುತ್ತಲೇ ಪಾದ್ರಿಗಳ ಪ್ರಳಯದ ಪ್ರವಚನಕ್ಕೆ ಜಾರಿರುತ್ತೀರಿ, ವ್ಯತ್ಯಾಸ ತಿಳಿಯಲು ಸ್ವಲ್ಪ ಹೊತ್ತು ಬೇಕಾಗುತ್ತದೆ.

ದುಡ್ಡೇ ಖರ್ಚಿಲ್ಲದ ಒಂದು ಪರಿಹಾರವಿದೆ, ಅದನ್ನು ಮಾತ್ರ ಯಾರೂ ಮೊದಲು ನೋಡುವುದಿಲ್ಲ. ಪೊಲೀಸ್, ಅಗ್ನಿಶಾಮಕ, ವ್ಯಾಪಾರಿ ರೇಡಿಯೋಗಳ ಬಹುಪಾಲು 2013ರ ಜನವರಿ 1ರ ಒಳಗೆ ತಮ್ಮ ಚಾನೆಲಿನ ಅಗಲವನ್ನು 25ರಿಂದ 12.5 ಕಿಲೋಹರ್ಟ್ಸ್‌ಗೆ ಇಳಿಸಬೇಕೆಂದು ಅಲ್ಲಿನ ಸರ್ಕಾರ ಆಜ್ಞೆ ಮಾಡಿತ್ತು. ಅಗಲ ಅರ್ಧವಾದಾಗ ಹಳೆಯ ಎಫ್‌ಎಂ ಮೋಡಿನಲ್ಲೇ ಉಳಿದ ಸ್ಕ್ಯಾನರಿನಲ್ಲಿ ದನಿಯೂ ಸುಮಾರು 6 ಡೆಸಿಬೆಲ್ ಬಿದ್ದುಹೋಗುತ್ತದೆ. ಅಂಥ ಚಾನೆಲ್‌ಗಳನ್ನು ಮೆನುವಿನಲ್ಲಿ ಕಡಿಮೆ ಅಗಲದ ಎನ್‌ಎಫ್‌ಎಂಗೆ ಬದಲಿಸಿದರೆ ಬಿದ್ದದ್ದು ಎದ್ದು ಬರುತ್ತದೆ. ವೆದರ್ ರೇಡಿಯೋ ಮಾತ್ರ ಹಳೆಯ ಅಗಲದಲ್ಲೇ ಇದೆ, ಅದನ್ನು ಎಫ್‌ಎಂನಲ್ಲೇ ಬಿಡಬೇಕು. ಇದನ್ನು ಸರಿಮಾಡದ ಕಾರಿನಲ್ಲಿ ರೈಲಿನವನು ಪಿಸುಗುಟ್ಟುತ್ತಾನೆ, ಹವೆಯವನು ಬೊಬ್ಬಿಡುತ್ತಾನೆ, ಮಲಗಿದ್ದ ಕೂಸು ಎಚ್ಚರವಾಗುತ್ತದೆ, ಸ್ಕ್ಯಾನರಿನ ವಿರುದ್ಧ ಮನೆಯಲ್ಲಿ ಎಂದಿನಿಂದಲೋ ಕಾಯುತ್ತಿದ್ದ ಮೊಕದ್ದಮೆಗೆ ಸಾಕ್ಷಿ ಸಿಕ್ಕಂತಾಗುತ್ತದೆ.

ಒಬ್ಬರಿಗೇ ಕೇಳಿಸಬೇಕೆಂದರೆ ಕಿವಿಗೆ ಇಯರ್‌ಫೋನ್ ಹಾಕಬಹುದಲ್ಲ ಎನ್ನುವವರಿಗೆ: ಓಡಿಸುವಾಗ ಎರಡೂ ಕಿವಿ ಮುಚ್ಚುವುದು ಕ್ಯಾಲಿಫೋರ್ನಿಯಾದಂಥ ರಾಜ್ಯಗಳಲ್ಲಿ ಅಪರಾಧ, ಒಂದು ಕಿವಿಗೆ ಅಲ್ಲಿ ಅಡ್ಡಿಯಿಲ್ಲ. ಆದರೆ ಕನ್ನಡದ ಕಾರಿನಲ್ಲಿ ಅದು ನಡೆಯದು. ಅತ್ತೆ ಮಾವ ಹಿಂದೆ ಕೂತಿರುವಾಗ ಅಳಿಯ ಕಿವಿಗೆ ಬಿರಡೆ ಹಾಕಿಕೊಂಡರೆ, ಆ ಸುದ್ದಿ ಗಾಡಿ ನಿಲ್ಲುವ ಮೊದಲೇ ದಾವಣಗೆರೆ ತಲುಪಿರುತ್ತದೆ. ಸೀಟಿನ ಪಕ್ಕದ ಸ್ಪೀಕರ್ ಒಂದು ಸೆರಗಿನ ಮರ್ಯಾದೆ ಕಾಪಾಡುತ್ತದೆ.

ಉಳಿದಿರುವ ಆಕ್ಷೇಪ ಒಂದೇ, ಅದು ಭಾರವಾದದ್ದು. ಎಚ್ಚರಿಕೆ ಎಲ್ಲರ ಪ್ರಾಣಕ್ಕೂ ಸಂಬಂಧಿಸಿದ್ದು, ಒಬ್ಬನ ಕಿವಿಗೆ ಬಿಟ್ಟರೆ ಹೇಗೆ? ದೊಡ್ಡ ಎಚ್ಚರಿಕೆಗೆ ಮುಂಚೆ ವೆದರ್ ರೇಡಿಯೋದಲ್ಲಿ 1050 ಹರ್ಟ್ಸ್‌ನ ಒಂದು ಚುಚ್ಚುವ ಸ್ವರ ಕೆಲವು ಸೆಕೆಂಡು ಎಡೆಬಿಡದೆ ಬರುತ್ತದೆ. ಅದು ಎಷ್ಟು ಸಣ್ಣ ಸ್ಪೀಕರಿನಿಂದ ಬಂದರೂ ಕಾರಿಗೆ ಕಾರೇ ಸ್ತಬ್ಧ, ಕೋಡುಬಳೆ ಬಾಯಲ್ಲೇ ನಿಲ್ಲುತ್ತದೆ. ಕಷ್ಟ ಶುರುವಾಗುವುದು ಆಮೇಲೆ. ಎಚ್ಚರಿಕೆ ಊರಿನ ಹೆಸರಿಗಿಂತ ಮೊದಲು ಕೌಂಟಿಯ, ಎಂದರೆ ನಮ್ಮ ಜಿಲ್ಲೆಯಂಥದರ, ಹೆಸರು ಹೇಳುತ್ತದೆ. ನಮ್ಮವರಿಗೆ ದಾರಿಯಲ್ಲಿ ಯಾವ ದೇವಸ್ಥಾನದಲ್ಲಿ ಮಧ್ಯಾಹ್ನ ಊಟ ಸಿಗುತ್ತದೆ, ಯಾವ ಎಕ್ಸಿಟ್‌ನಲ್ಲಿ ಕಾಸ್ಟ್ಕೋ ಪೆಟ್ರೋಲು ಎಂಬುದೆಲ್ಲ ಬಾಯಿಪಾಠ; ತಾವು ಈ ಗಳಿಗೆ ಯಾವ ಕೌಂಟಿಯಲ್ಲಿದ್ದೇವೆ ಎಂದು ಕೇಳಿದರೆ ಮೌನ. ಎಷ್ಟೇ ಸ್ಪಷ್ಟವಾಗಿ ಕೇಳಿಸಿದರೂ ಈ ಒಂದು ವಿಷಯ ತಿಳಿಯದಿದ್ದರೆ ಕೇಳಿದ್ದು ದಂಡ. ಹೆದ್ದಾರಿಯ ಬದಿಯಲ್ಲಿ ಸಾಮಾನ್ಯವಾಗಿ ಕೌಂಟಿಯ ಗಡಿಗೊಂದು ಹೆಸರಿನ ಬೋರ್ಡು ನೆಟ್ಟಿರುತ್ತದೆ. ಅದನ್ನು ಓದುವವರನ್ನು ಹುಡುಕಬೇಕಾಗಿಯೂ ಇಲ್ಲ: ನಡುವಿನ ಸೀಟಿನಲ್ಲಿ ಕೂತು ಸ್ಪೀಡ್ ಲಿಮಿಟ್, ಸೇತುವೆ, ಹ್ಯಾಂಬರ್ಗರ್, ದಂತವೈದ್ಯ, ಮಾರಾಟಕ್ಕಿರುವ ಜಮೀನು ಎಂದು ಒಂದು ಬೋರ್ಡನ್ನೂ ಬಿಡದೆ ಗಟ್ಟಿಯಾಗಿ ಓದುತ್ತ ಬರುವ ಮಾವನವರು ಪ್ರತಿ ಕಾರಿನಲ್ಲೂ ಇದ್ದಾರೆ. ಎಲ್ಲರೂ ಸಹಿಸಿಕೊಂಡು ಬಂದಿರುವ ಆ ಓದಿಗೆ ಕೌಂಟಿಗಳ ಮಟ್ಟಿಗೆ ಅಧಿಕೃತ ಮಾನ್ಯತೆ ಕೊಡುವುದು. ಬೇಕಾದರೆ ದಂತವೈದ್ಯರನ್ನು ಬಿಟ್ಟುಬಿಡಿ ಮಾವ ಎಂದು ವಿನಂತಿಸಿಕೊಳ್ಳುವುದು. ಅವರು ಒಪ್ಪುವುದಿಲ್ಲ.