ಕೊನೇ ಘಟ್ಟ

ತ್ಯಾಗಲಿಯ ಜಗಲಿ. ಭಾವಂದಿರ ನಡುವೆ ಕವಳದ ಹರಿವಾಣ. ಯಾರಿಗೂ ಅವಸರವಿಲ್ಲ, ಇದ್ದರೂ ಪ್ರಯೋಜನವಿಲ್ಲ.

“ಶಿರಸಿಂದ ಕುಮಟಾಕ್ಕೆ ಯಾವ್ದು ಬೇಗ, ಭಾವಾ?”

“ಸುಮಾರು 60 ಕಿಲೋಮೀಟರ್. ಕಾರಾದ್ರೆ ದೇವಿಮನೆ ಘಟ್ಟ.”

“ರಸ್ತೆ ಅಗಲ ಮಾಡೋ ಕೆಲಸ?”

“ಕೊನೇ ಘಟ್ಟಕ್ಕೆ ಬಂದಿದ್ದಡ.”

“ಅಂದ್ರೆ ಇನ್ನೂ ಘಟ್ಟದಲ್ಲೇ ಇದ್ದು. ಬಸ್ಸು?”

“2023ರಿಂದ ನಿನ್ನ ತಂಗಿಗೆ ಪುಕ್ಕಟೆ.”

“ಸೀಟು?”

“ಅದು ಪುಕ್ಕಟೆ ನಿಂತ್ಕತ್ತು, ಆನು ದುಡ್ಡು ಕೊಟ್ಟು ನಿಂತ್ಕತ್ತಿ. ಸಮಾನತೆ!”

“ಕೊಂಕಣ ರೈಲು?”

“ಸುಖ. ಹತ್ತಲೆ ಮೊದ್ಲು ಘಟ್ಟ ಇಳಿದು ಕುಮಟಾಕ್ಕೆ ಹೋಗವು, ಅಷ್ಟೇ.”

“ಹಂಗಾರೆ ಕುಮಟಾದಿಂದ ಕುಮಟಾಕ್ಕೆ ಹೋಪದು ಸಲೀಸು! ಸಿದ್ದಾಪುರ, ಶಿರಸಿ ಮೇಲೆ ಹುಬ್ಬಳ್ಳಿಗೆ ರೈಲು ಬತ್ತು ಅಂದಿದ್ವಲಾ?”

“ಪೇಪರ್ ಮೇಲೆ ಓಡ್ತಾ ಇದ್ದು. ಮಹಾರಾಜರ ಕಾಲದಲ್ಲಿ ತಾಳಗುಪ್ಪಕ್ಕೆ ಬಂದ ರೈಲು, ಸಿದ್ದಾಪುರಕ್ಕೆ ಇನ್ನೂ ಹೊರಟಿದ್ದಿಲ್ಲೆ.”