ಎಂಜಿನ್ ನಡುಕ ಮೀಮಾಂಸೆ, ಅಥವಾ ಅಪ್ರದಕ್ಷಿಣ ಸಿದ್ಧಾಂತ

ರಿಪೇರಿಯಾದ ಎಂಜಿನ್ ರಿಪೇರಿಗೆ ಮುಂಚಿನದಕ್ಕಿಂತ ಕೆಟ್ಟದಾಗಿ ಓಡುವುದೇಕೆ? ಈ ಪ್ರಶ್ನೆಯನ್ನು ಪೂರ್ವಾಚಾರ್ಯರು ಗ್ಯಾರೇಜಿನ ಬೆಂಚಿನ ಮೇಲೆ ಕೂತು, ಬೈಟು ಕಾಫಿಯ ಸಾಕ್ಷಿಯಲ್ಲಿ, ಬಹುಕಾಲ ಚರ್ಚಿಸಿದ್ದಾರೆ. ಗ್ರಂಥ ಬರೆಯಲಿಲ್ಲ, ಕೈಯೆಲ್ಲ ಗ್ರೀಸಾಗಿತ್ತು. ಆ ಕೊರತೆ ನೀಗಿಸುವುದೇ ಪ್ರಸ್ತುತ ಪ್ರಬಂಧದ ಪ್ರಯೋಜನ. ಅಧ್ಯಯನದ ವ್ಯಾಪ್ತಿ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಎಂಬ ನಾಲ್ಕು ಪೀಠಗಳು. ಈ ಸೀಮೆ 2007ರಲ್ಲಿ ರಾಮನಗರ ಜಿಲ್ಲೆಯಾಯಿತು, 2025ರಲ್ಲಿ ಬೆಂಗಳೂರು ದಕ್ಷಿಣ ಎಂದು ಹೆಸರು ಬದಲಿಸಿಕೊಂಡಿತು. ಎರಡೂ ಹೆಸರಿನಡಿ ಎಂಜಿನ್ ಒಂದೇ ಸಮ ನಡುಗಿದ್ದರಿಂದ ನಾಮದೋಷ ಕಾರಣವಲ್ಲವೆಂದು ಆರಂಭದಲ್ಲೇ ಇತ್ಯರ್ಥವಾಗುತ್ತದೆ.

ಪರೀಕ್ಷೆಗೆ ಒಳಪಟ್ಟ ಜೀವಿ ಹಳೆಯ ಪೆಟ್ರೋಲ್ ಅಂಬಾಸಿಡರ್. ವಂಶ ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್, ತವರು ಬಂಗಾಳದ ಉತ್ತರಪಾಡಾ. 2014ರಲ್ಲಿ ಸಂತಾನ ನಿಂತಿತು. ನಾಲ್ಕು ಸಿಲಿಂಡರು, ಎಂಟು ವಾಲ್ವು, 1,489 ಸಿಸಿ. ಬೋರ್ ಮಾಡಿಸಿ, ಹೊಸ ಪಿಸ್ಟನ್ನು ರಿಂಗು ಕೂರಿಸಿ, ವಾಲ್ವ್ ಉಜ್ಜಿಸಿ, ಚಕ್ರದಡಿ ನಿಂಬೆಹಣ್ಣಿಟ್ಟು ಸ್ಟಾರ್ಟ್ ಮಾಡಿದರೆ ಗಾಡಿ ಮಿಸ್ ಹೊಡೆಯುತ್ತದೆ, ಐಡ್ಲಿಂಗ್ ನಿಲ್ಲದು, ಬಾನೆಟ್ಟಿಗೆ ಚಳಿಜ್ವರ, ಸೈಲೆನ್ಸರಿನಲ್ಲಿ ದೀಪಾವಳಿ.

“ಹೊಸ ಎಂಜಿನ್ನು ಸಾರ್, ಸೆಟ್ ಆಯ್ತದೆ ಬುಡಿ” ಎಂಬ ಸಾಂತ್ವನವನ್ನು ನಾವು ಕಾಲಪರಿಪಾಕ ವಾದ ಎಂದು ಕರೆಯುತ್ತೇವೆ. ಹೊಸ ರಿಂಗು ಸಿಲಿಂಡರಿನ ಗೋಡೆಗೆ ಹೊಂದಿಕೊಳ್ಳಲು ನೂರಾರು ಕಿಲೋಮೀಟರ್ ಓಡಬೇಕೆಂಬುದು ದಿಟ. ಅಲ್ಲಿಯವರೆಗೆ ಗಾಡಿ ಬಿಗಿಯಾಗಿರಬಹುದು, ಒಂದಿಷ್ಟು ಆಯಿಲ್ ಕುಡಿಯಬಹುದು. ಮಿಸ್ ಹೊಡೆಯುವುದು ಮಾತ್ರ ಆ ಜಾತಿಯ ಕಾಯಿಲೆಯಲ್ಲ. ಓಡಿಸುತ್ತ ಹೋದರೆ ವಾಸಿಯಾಗುವುದು ಕಾರಲ್ಲ, ಮಾಲೀಕನ ಆಸೆ.

ನಾಲ್ಕು ಪೀಠಗಳ ಮತ ಕೇಳೋಣ. ರಾಮನಗರ ರೇಷ್ಮೆಗೂಡಿನ ಮಾರುಕಟ್ಟೆಯ ಊರು. ನೂಲು ಬಿಚ್ಚುವಾಗ ಕಡಿದ ಎಳೆ ಹುಡುಕಿ ಪಳಗಿದ ಅಲ್ಲಿನ ಪಂಡಿತರು “ಎಲ್ಲೋ ಒಂದೆಳೆ ತಪ್ಪೈತೆ” ಎನ್ನುತ್ತಾರೆ. (ಇದನ್ನು ಓದುಗರು ನೆನಪಿಟ್ಟುಕೊಳ್ಳಬೇಕು.) ಅದೇ ಊರಿನ ಬಂಡೆಗಳ ನಡುವೆ 1975ರ ‘ಶೋಲೆ’ಯಲ್ಲಿ ಬಸಂತಿಯ ಧನ್ನೋ ಕಾರ್ಬುರೇಟರೇ ಇಲ್ಲದೆ ಓಡಿತೆಂಬುದನ್ನು ಕುದುರೆವಾದಿಗಳು ಇಂದಿಗೂ ಉದಾಹರಿಸುತ್ತಾರೆ. ರಾಮದೇವರ ಬೆಟ್ಟದ ರಣಹದ್ದುಗಳು ಅಂಬಾಸಿಡರ್ ಸದ್ದಿಗೆ ತಲೆ ಎತ್ತುತ್ತವೆಂಬ ಐತಿಹ್ಯಕ್ಕೆ ಪುರಾವೆಯಿಲ್ಲ. ಚನ್ನಪಟ್ಟಣದವರು ಹಾಲೆಮರವನ್ನು ಲೇತಿಗೆ ಕೊಟ್ಟು ಅರಗು ಮೆತ್ತುವವರಾದ್ದರಿಂದ ಬೋರೇ ದುಂಡಗಿಲ್ಲವೆಂದು ಶಂಕಿಸುತ್ತಾರೆ. ತಮ್ಮೂರ ಮರದ ಕಾರು ಒಮ್ಮೆಯೂ ಮಿಸ್ ಹೊಡೆದಿಲ್ಲವೆಂದು ಸವಾಲೂ ಹಾಕುತ್ತಾರೆ. ಮಾಗಡಿಯವರ ಚಿಕಿತ್ಸೆ ಸಾವನದುರ್ಗದ ಕಡೆ ಏರು ಹತ್ತಿಸುವುದು. ಕನಕಪುರದ್ದು ಆಕ್ಸಿಲರೇಟರ್ ಒತ್ತಿ ಸಂಗಮದವರೆಗೂ ಬಿಡುವುದು; ಅಲ್ಲಿ ಅರ್ಕಾವತಿಯೇ ಕಾವೇರಿಯಲ್ಲಿ ಲೀನವಾಗುವಾಗ ಒಂದು ಮಿಸ್ಸಿಂಗು ಲೀನವಾಗದೇ?

ಇಷ್ಟು ಭಿನ್ನಮತಗಳಿದ್ದರೂ ಒಂದು ವಿಷಯದಲ್ಲಿ ಸರ್ವಾನುಮತವಿದೆ: ಕಾರ್ಬುರೇಟರ್ ಬಿಚ್ಚಬೇಕು. ಅದು ಕೈಗೆ ಸಿಗುವಲ್ಲಿದೆ, ಬಿಚ್ಚುವುದು ಸುಲಭ, ಪೆಟ್ರೋಲಿನಲ್ಲಿ ತೊಳೆದು ಜೆಟ್ಟಿಗೆ ಗಾಳಿ ಊದಿದರೆ ಕೆಲಸ ನಡೆದಂತೆ ಕಾಣುತ್ತದೆ. ಮೇಲಾಗಿ ಅದು ಆಗಾಗ್ಗೆ ಬಾಯಿಂದ ಉಗುಳುತ್ತದೆ. ಉಗುಳಿದವನೇ ಅಪರಾಧಿ ಎಂಬುದು ಲೋಕನ್ಯಾಯ.

ಸಿದ್ಧಾಂತಿಯು ಇದನ್ನು ಒಪ್ಪದೆ ‘ನೇತಿ ನೇತಿ’ ಕ್ರಮವನ್ನು ಹಿಡಿಯುತ್ತಾನೆ. ಎಂಜಿನ್ ಓಡುತ್ತಿರುವಾಗ ರಬ್ಬರ್ ಹಿಡಿಯ ಇಕ್ಕಳದಿಂದ ಪ್ಲಗ್ ವೈರುಗಳನ್ನು ಒಂದೊಂದಾಗಿ ಕೀಳಬೇಕು. (ಬರಿಗೈಯಲ್ಲಿ ಕಿತ್ತವರಿಗೆ ಸಾಕ್ಷಾತ್ಕಾರ ಬೇಗ ಆಗುತ್ತದೆ.) ಒಂದನೆಯದನ್ನು ಕಿತ್ತರೆ ಸದ್ದು ಕುಸಿಯಿತು, ಅದು ದುಡಿಯುತ್ತಿದೆ. ನಾಲ್ಕನೆಯದೂ ಹಾಗೆಯೇ. ಎರಡನ್ನೂ ಮೂರನ್ನೂ ಕಿತ್ತರೆ ಎಂಜಿನ್ನಿಗೆ ಅರಿವೇ ಇಲ್ಲ. ಅವೆರಡೂ ಇವೆ, ಪೆಟ್ರೋಲೂ ಕುಡಿಯುತ್ತವೆ, ಆದರೆ ವ್ಯವಹಾರದಲ್ಲಿ ಇಲ್ಲ. ಮಾಯೆಯ ಲಕ್ಷಣವನ್ನು ಇಷ್ಟು ಚೊಕ್ಕವಾಗಿ ತೋರಿಸುವ ಉದಾಹರಣೆ ಬೇರೆ ಶಾಸ್ತ್ರಗಳಲ್ಲಿ ದುರ್ಲಭ.

ಇಲ್ಲಿ ಪಂಡಿತರು ಎರಡು ಬಣವಾಗುತ್ತಾರೆ. ಅಕ್ಕಪಕ್ಕದ ಎರಡು ಸಿಲಿಂಡರ್ ಒಟ್ಟಿಗೆ ಸತ್ತರೆ ನಡುವಿನ ಹೆಡ್ ಗ್ಯಾಸ್ಕೆಟ್ ಹೋಗಿರಬಹುದು, ಹೆಡ್ ಇಳಿಸಿ ಎಂಬುದು ಗ್ಯಾಸ್ಕೆಟ್ ಪಂಥ. ಈ ವಾದ ದುರ್ಬಲವೇನಲ್ಲ, ದುಬಾರಿ ಅಷ್ಟೆ. ಪ್ಲಗ್ ಬಿಚ್ಚಿ ಕಂಪ್ರೆಷನ್ ಗೇಜ್ ಹಿಡಿದರೆ ನಿರ್ಣಯ ಸಿಗುತ್ತದೆ: ಎರಡು ಮೂರರಲ್ಲಿ ಮಾತ್ರ ಒತ್ತಡ ಬಿದ್ದಿದ್ದರೆ ಗ್ಯಾಸ್ಕೆಟ್, ನಾಲ್ಕರಲ್ಲೂ ಸಮನಾಗಿದ್ದರೆ ಹೆಡ್ಡನ್ನು ಅದರ ಪಾಡಿಗೆ ಬಿಡಬೇಕು.

ಸಮನಾಗಿತ್ತು. ಹಾಗಿದ್ದರೆ ದೋಷವೆಲ್ಲಿ? ಭಕ್ತಿಯಲ್ಲಿ.

ಈ ಎಂಜಿನ್ನಿನ ಫೈರಿಂಗ್ ಆರ್ಡರ್ ಒಂದು, ಮೂರು, ನಾಲ್ಕು, ಎರಡು. ಇದು ಎಲ್ಲ ಮೆಕ್ಯಾನಿಕ್ಕುಗಳಿಗೂ ಕಂಠಪಾಠ. ಟ್ಯಾಪೆಟ್ ಹೊಂದಿಸುವ ಸೂತ್ರವೂ ಅಷ್ಟೆ: ಒಂದನೆಯ ವಾಲ್ವ್ ಪೂರ್ತಿ ತೆರೆದಾಗ ಎಂಟನೆಯದನ್ನು ಹೊಂದಿಸು, ಮೂರು ತೆರೆದಾಗ ಆರನ್ನು; ಕೂಡಿದರೆ ಯಾವಾಗಲೂ ಒಂಬತ್ತು. ಒಂಬತ್ತು ಬಂದ ಕೂಡಲೆ ನಮ್ಮವರ ಮನಸ್ಸಿಗೆ ನವಗ್ರಹ ಬರುತ್ತದೆ, ನವಗ್ರಹದ ಹಿಂದೆ ಪ್ರದಕ್ಷಿಣೆ. ಆ ಭಾವದಲ್ಲೇ ಡಿಸ್ಟ್ರಿಬ್ಯೂಟರ್ ಕ್ಯಾಪಿನ ಸುತ್ತ ವೈರುಗಳನ್ನು ಎಡದಿಂದ ಬಲಕ್ಕೆ ಸಿಕ್ಕಿಸುತ್ತಾರೆ. ಮೇಲಿನಿಂದ ನೋಡಿದರೆ ಒಳಗಿನ ರೋಟರ್ ತಿರುಗುವುದು ಅಪ್ರದಕ್ಷಿಣವಾಗಿ! ಮಂತ್ರ ಸರಿ, ಸುತ್ತು ಉಲ್ಟಾ. ಒಂದು, ನಾಲ್ಕು ಸ್ವಸ್ಥಾನದಲ್ಲೇ ಉಳಿದವು. ಎರಡರ ಕಿಡಿ ಮೂರಕ್ಕೆ, ಮೂರರದು ಎರಡಕ್ಕೆ ಹೋಯಿತು. ಈ ಜೋಡಿ ಪಿಸ್ಟನ್ನುಗಳು ಒಟ್ಟಿಗೆ ಏರಿಳಿಯುವುದರಿಂದ ಕಿಡಿ ಬೀಳುವುದು ಹೊಗೆ ಹೊರಹೋಗಿ ಇನ್‌ಲೆಟ್ ವಾಲ್ವ್ ಬಾಯಿ ತೆರೆಯುವ ಮುಹೂರ್ತದಲ್ಲಿ. ಸುಡದ ಪೆಟ್ರೋಲ್ ಸೈಲೆನ್ಸರಿಗೆ ಹೋಗಿ ಢಂ ಎನ್ನುತ್ತದೆ, ಕಾರ್ಬುರೇಟರಿನ ಕಡೆಗೂ ಒಮ್ಮೊಮ್ಮೆ ಉಗುಳು ಬರುತ್ತದೆ. ನಿರಪರಾಧಿಯನ್ನು ಮೂರು ಸಲ ಪೆಟ್ರೋಲಿನಲ್ಲಿ ಅದ್ದಿದ್ದು ಇದಕ್ಕೇ. ಎಳೆ ತಪ್ಪಿದೆಯೆಂದ ರಾಮನಗರದ ಪಂಡಿತರಿಗೆ ಅರ್ಧ ಅಂಕ ಸಲ್ಲಬೇಕು, ಎರಡೆಳೆ ತಪ್ಪಿದ್ದವು.

ಇನ್ನು ಶಾಸನಾಧಾರ. ಈ ಪ್ರಕರಣದಲ್ಲಿ ಲಭ್ಯವಾದ ಏಕೈಕ ಲಿಖಿತ ದಾಖಲೆ ಗ್ಯಾರೇಜಿನ ಬಿಲ್ಲು. ಎರಡು ವೈರು ಅದಲುಬದಲಾದ ಮರುಗಳಿಗೆಯೇ ಎಂಜಿನ್ ಶಾಂತವಾಯಿತೆಂಬುದಕ್ಕೆ ಅಲ್ಲಿ ನೆರೆದವರೆಲ್ಲರೂ ಸಾಕ್ಷಿ. ಆದರೂ ಸದರಿ ಶಾಸನದ ಮೂರನೆಯ ಸಾಲಿನಲ್ಲಿ, ಎಣ್ಣೆಗೈಯ ಗುರುತಿನಡಿ ಸ್ಪಷ್ಟವಾಗಿ ಓದಿಸಿಕೊಳ್ಳುವ ಪಾಠ ಇದು: ‘ಕಾರ್ಬುರೇಟರ್ ಸರ್ವಿಸ್.’ ಕೂಟಶಾಸನವೋ ಲಿಪಿಕಾರನ ಪ್ರಮಾದವೋ ಎಂದು ವಿದ್ವಾಂಸರು ಕಾದಾಡುತ್ತಿರುವಾಗಲೇ ಯಜಮಾನರು ದುಡ್ಡು ಕೊಟ್ಟು ಗಾಡಿ ಹತ್ತಿದರು.